ಬೋಳಾರದ ಹಂಚಿನ ಕಾರ್ಖಾನೆ: ಉಳಿಸಬೇಕಾದದ್ದು ಯಾವುದು?

ಪ್ರಶ್ನೆ: ಮಾನ್ಯರೇ, ಮಂಗಳೂರಿನ ಬೋಳಾರದಲ್ಲಿ ಹೊಳೆಯ ಬದಿಗೆ ನಮ್ಮ ಅಜ್ಜ ಮತ್ತು ಅವರ ಪಾಲುದಾರರು ನಡೆಸುತ್ತಿದ್ದ ಹಂಚಿನ ಕಾರ್ಖಾನೆಯೊಂದಿದೆ. ಹಂಚು ಸುಡುವುದು ನಿಂತು ಹದಿನೈದು ವರ್ಷಗಳಾದವು. ಉದ್ದನೆಯ ಮೂರು ಕಟ್ಟಡಗಳು, ಒಂದು ಚಿಮಣಿ, ರಸ್ತೆ ಬದಿಯ ಆಫೀಸು ಕೋಣೆ ಇಷ್ಟು ಉಳಿದಿವೆ. ಎಲ್ಲವನ್ನೂ ಕೆಡವಿ ಫ್ಲ್ಯಾಟು ಕಟ್ಟುವವರಿಗೆ ಕೊಡೋಣವೆಂದು ನನ್ನ ತಮ್ಮನ ಅಭಿಪ್ರಾಯ. ಅಲ್ಲಿಯೇ ಕೆಫೆ ಮತ್ತು ಚಿತ್ರಪ್ರದರ್ಶನದ ಜಾಗ ಮಾಡೋಣವೆಂದು ಮಗಳ ಆಸೆ. ಆಫೀಸು ಕೋಣೆಯ ಮಾಡಿನಿಂದ ಜಾರಿ ಬಿದ್ದ ಹಂಚೊಂದರ ಬೆನ್ನಿನಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂಬ ಅಚ್ಚಿದೆ. ಹಾಗಾದರೆ ನಮ್ಮ ಕಟ್ಟಡ 1865ರದ್ದೇ? ಹೊಸ ಬಳಕೆಯನ್ನು ಅದು ತಾಳಿಕೊಂಡೀತೇ?
— ಹೆಸರು ಬೇಡವೆಂದ ಓದುಗರು, ಮಂಗಳೂರು

ಉತ್ತರ: ಮೊದಲು ಹಂಚಿನ ವಿಚಾರ ಮುಗಿಸೋಣ, ಏಕೆಂದರೆ ಈ ಇಸವಿಯನ್ನು ಹಿಡಿದುಕೊಂಡು ನಮ್ಮ ಅಂಕಣಕ್ಕೆ ಆಗಾಗ ಪತ್ರಗಳು ಬರುತ್ತಲೇ ಇರುತ್ತವೆ. ಅಲ್ಲಿ ಅಚ್ಚಾಗಿರುವ 1865 ಆ ಹಂಚು ಸುಟ್ಟ ವರ್ಷವಲ್ಲ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಮಿಷನ್ನಿನ ಬಲ್ಮಠದ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಗೇಯೋರ್ಗ್ ಪ್ಲೆಬ್ಸ್ಟ್ ಎಂಬ ಯಂತ್ರ ಬಲ್ಲ ಮಿಷನರಿ ಅದನ್ನು ಕಟ್ಟಿದರು. ಮತಾಂತರದ ಬಳಿಕ ಕುಲಕಸುಬಿನಿಂದ ಹೊರಬಿದ್ದವರಿಗೆ ದುಡಿಮೆ ಒದಗಿಸುವುದು ಅವರ ಮುಖ್ಯ ಉದ್ದೇಶವಾಗಿತ್ತು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚಿನ ಮಾದರಿಯೂ ಇಲ್ಲಿನದಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲಿ ಹಕ್ಕು ಪಡೆದ ವಿನ್ಯಾಸದ ವಂಶಕ್ಕೆ ಅದು ಸೇರಿದೆ. ಮಾದರಿ ಅಲ್ಲಿಯದಾದರೂ ಮಣ್ಣು ನಮ್ಮ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯದು, ಹೆಸರೂ ಕೊನೆಗೆ ನಮ್ಮ ಊರಿನದೇ ಆಯಿತು.

ಸ್ಥಾಪನೆಯ ವರ್ಷವನ್ನೇ ಎಲ್ಲ ಹಂಚುಗಳ ಮೇಲೂ ಒತ್ತುತ್ತಿದ್ದುದರಿಂದ, 1870ರಲ್ಲಿ ಸುಟ್ಟ ಹಂಚಿಗೂ 1910ರಲ್ಲಿ ಸುಟ್ಟ ಹಂಚಿಗೂ ಆ ಅಂಕಿಗಳಲ್ಲಿ ಭೇದವಿಲ್ಲ. ಕಾಲ ತಿಳಿಯಲು ಇಸವಿಗಿಂತ ಹೆಸರು ಹೆಚ್ಚು ನೆರವಾಗುತ್ತದೆ. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು ಮತ್ತು ಅವು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಆದ್ದರಿಂದ ಮಿಷನ್ನಿನ ಹೆಸರಿರುವ ಹಂಚನ್ನು ಸಾಮಾನ್ಯವಾಗಿ ಆ ಯುದ್ಧಕ್ಕಿಂತ ಹಿಂದಿನದೆಂದೂ, ಕಾಮನ್‌ವೆಲ್ತ್ ಹೆಸರಿರುವುದನ್ನು ಅದರ ನಂತರದ್ದೆಂದೂ ತಿಳಿಯಬಹುದು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕುತೂಹಲ ಕೆರಳಿಸಿದ ಸಂಗತಿ ಬೇರೆಯೇ ಇದೆ. ಸ್ವಂತ ಹಂಚಿನ ಕಾರ್ಖಾನೆ ಇದ್ದವರು ತಮ್ಮ ಆಫೀಸಿನ ಮಾಡಿಗೆ ಪ್ರತಿಸ್ಪರ್ಧಿಯ ಹಂಚು ಹೊದಿಸುತ್ತಾರೆಯೇ? ಗಿರಾಕಿ ಬಂದು ಕುಳಿತುಕೊಳ್ಳುವ ಕೋಣೆ ಅದು. ಇದಕ್ಕೆ ಎರಡು ಕಾರಣಗಳು ಸಾಧ್ಯ. ಒಂದೋ ಆ ಕೋಣೆ ನಿಮ್ಮ ಅಜ್ಜನ ಕಾರ್ಖಾನೆಗಿಂತ ಮೊದಲೇ ಮನೆಯಾಗಿಯೋ ಗೋದಾಮಾಗಿಯೋ ಅಲ್ಲಿ ನಿಂತಿತ್ತು, ಕಾರ್ಖಾನೆ ಆಮೇಲೆ ಅದರ ಸುತ್ತ ಬೆಳೆಯಿತು. ಅಥವಾ ಯಾವುದೋ ಹಳೆಯ ಮನೆ ಕೆಡವಿದಾಗ ಸಿಕ್ಕ ಹಂಚುಗಳನ್ನು ರಿಪೇರಿಯ ವೇಳೆ ತಂದು ಹಾಕಿದ್ದಾರೆ. ಇದನ್ನು ನೀವೇ ಪರೀಕ್ಷಿಸಬಹುದು. ಮಾಡಿನ ಬೇರೆ ಬೇರೆ ಮೂಲೆಗಳಿಂದ ಹತ್ತು ಹಂಚು ಇಳಿಸಿ ಬೆನ್ನು ನೋಡಿ. ಹತ್ತರಲ್ಲಿ ಎಂಟೊಂಬತ್ತು ಮಿಷನ್ನಿನವೇ ಆದರೆ ಮೊದಲ ಊಹೆಗೆ ಬಲ ಬರುತ್ತದೆ. ನಾಲ್ಕಾರು ಕಾರ್ಖಾನೆಗಳ ಮುದ್ರೆಗಳು ಬೆರೆತಿದ್ದರೆ ಎರಡನೆಯದಕ್ಕೆ. ಗೋಡೆಯ ಕೆಂಪುಕಲ್ಲಿನ ಅಳತೆ ಆಫೀಸಿಗೂ ಕಾರ್ಖಾನೆಗೂ ಒಂದೇ ಇದೆಯೇ, ಸಂದಿನಲ್ಲಿ ಸುಣ್ಣದ ಗಾರೆ ಇದೆಯೋ ಸಿಮೆಂಟೋ ಎಂಬುದನ್ನೂ ನೋಡಿ. ಪಾಲುದಾರಿಕೆಯ ಕರಾರುಪತ್ರ ಮನೆಯ ಯಾವುದಾದರೂ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಹಂಚಿಗಿಂತ ಅದು ನಂಬಿಕಸ್ಥ ಸಾಕ್ಷಿ.

ನಿಮ್ಮ ಕಾರ್ಖಾನೆ ಬೋಳಾರದಲ್ಲಿ ಏಕೆ ಇದೆ ಎಂಬುದೂ ಅದರ ಚರಿತ್ರೆಯ ಭಾಗವೇ. ಮಿಷನ್ನಿನವರು ಆರಂಭಿಸಿದ ಮೂರೇ ವರ್ಷಗಳಲ್ಲಿ, 1868ರಲ್ಲಿ, ಅಲ್ಬುಕರ್ಕ್ ಎಂಬವರ ಕಾರ್ಖಾನೆ ಹುಟ್ಟಿಕೊಂಡಿತು. ಮುಂದೆ ಜೆಪ್ಪು, ಬೋಳಾರ, ಹೊಯಿಗೆ ಬಜಾರ್, ಕುದ್ರೋಳಿ ಎಂದು ನೀರಿನ ಅಂಚು ಹಿಡಿದುಕೊಂಡು ಒಂದರ ಬಳಿಕ ಒಂದು ಚಿಮಣಿ ಎದ್ದಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕಿಂತ ಮೊದಲು ಆವೆಮಣ್ಣು ಬರುವುದು, ಒಲೆಗೆ ಸೌದೆ ಬರುವುದು, ಸುಟ್ಟ ಹಂಚು ಬಂದರಿಗೆ ಹೋಗಿ ಮಂಜಿ ಎಂಬ ಹಾಯಿಹಡಗುಗಳಲ್ಲಿ ತುಂಬಿ ಮುಂಬಯಿಗೂ ಅದರಾಚೆಗೂ ಸಾಗುವುದು ಎಲ್ಲವೂ ನೀರಿನ ಮೇಲೆಯೇ. ನಿಮ್ಮ ಜಾಗದ ಹೊಳೆಬದಿಯಲ್ಲಿ ಕಲ್ಲು ಕಟ್ಟಿದ ಇಳಿಜಾರೋ ಮೆಟ್ಟಿಲೋ ಉಳಿದಿದ್ದರೆ ಅದನ್ನು ಮಣ್ಣು ತುಂಬಿ ಮುಚ್ಚಬೇಡಿ. ಕಾರ್ಖಾನೆಯ ನಿಜವಾದ ಹೆಬ್ಬಾಗಿಲು ಅದು, ರಸ್ತೆ ಬದಿಯ ಗೇಟಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಳೆಯ ಹಂಚಿನ ಕಾರ್ಖಾನೆಯನ್ನು ನೋಡಿದವರೆಲ್ಲ ಅದನ್ನು ದೊಡ್ಡ ಖಾಲಿ ಶೆಡ್ಡು ಎಂದುಕೊಂಡು, ಒಳಗೆ ಏನು ತುಂಬಿಸೋಣ ಎಂದು ಯೋಚಿಸುತ್ತಾರೆ. ಅಲ್ಲಿಂದಲೇ ದಾರಿ ತಪ್ಪುತ್ತದೆ. ಅದು ಶೆಡ್ಡಲ್ಲ, ಹಂಚು ಒಣಗಿಸುವ ಉಪಕರಣ. ಅಚ್ಚಿನಿಂದ ಹೊರಬಂದ ಹಸಿ ಹಂಚನ್ನು ನೇರ ಬಿಸಿಲಿಗಿಟ್ಟರೆ ಬಾಗುತ್ತದೆ, ಬಿರಿಯುತ್ತದೆ. ಅದು ನೆರಳಿನಲ್ಲಿ, ಹದವಾದ ಗಾಳಿಯಲ್ಲಿ, ದಿನಗಟ್ಟಲೆ ನಿಧಾನವಾಗಿ ಒಣಗಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಅದರಲ್ಲೂ ಆಟಿ (ಜುಲೈ-ಆಗಸ್ಟ್) ತಿಂಗಳಿನಲ್ಲಿ, ಮಣ್ಣಿನ ಹಂಚು ಒಣಗಿಸುವುದೆಂದರೆ ಸಣ್ಣ ಮಾತಲ್ಲ. ಅದಕ್ಕೆ ಕಂಡುಕೊಂಡ ಉಪಾಯವೇ ಈ ಕಟ್ಟಡ. ನೆಲದಲ್ಲಿ ಸುಡುವ ಗೂಡು, ಅದರ ಸುತ್ತ ಮತ್ತು ಮೇಲೆ ಮರದ ಅಟ್ಟಗಳು, ಅಟ್ಟಗಳ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು, ಪಕ್ಕದ ಗೋಡೆಗಳಲ್ಲಿ ಉದ್ದಕ್ಕೂ ತೆರಪು, ಎಲ್ಲಕ್ಕೂ ಮೇಲೆ ಹಂಚಿನ ಮಾಡು. ಗೂಡಿನಿಂದ ಏಳುವ ಬಿಸಿ ಸಂದುಗಳಲ್ಲಿ ಹಾದು ಅಟ್ಟದ ಮೇಲಿನ ಹಸಿ ಹಂಚುಗಳನ್ನು ತಾಗಿ, ಮಾಡಿನ ಹಂಚುಗಳ ಎಡೆಯಿಂದ ಹೊರಗೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಬೀಗ ಬಿದ್ದ ಕಾರ್ಖಾನೆಯೊಂದರ ಅಟ್ಟಕ್ಕೆ ನಾನು ಹತ್ತಿದ್ದೆ. ಕೊನೆಯ ಪಾಳಿಯವರು ಒಣಗಲು ಇಟ್ಟ ಹಂಚುಗಳು ಸುಡದೆ ಹಾಗೆಯೇ ಪಟ್ಟಿಗಳ ಮೇಲೆ ಸಾಲಾಗಿ ಕೂತಿದ್ದವು. ಬೂದುಬಣ್ಣದ ಆ ಹಂಚನ್ನು ಎರಡು ಕೈಯಲ್ಲಿ ಎತ್ತಿದರೆ ಅಂಚು ಪುಡಿಯಾಗಿ ಬೆರಳಿಗೆ ಬಂತು. ಪಕ್ಕದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ, ಐದನೆಯದು ಅಡ್ಡ, ಹೀಗೆ ತಲೆಯ ಎತ್ತರದವರೆಗೂ ಲೆಕ್ಕ. ಹೊತ್ತು ತಂದವರು, ಹೆಚ್ಚಾಗಿ ಹೆಂಗಸರು, ತಮ್ಮ ದಿನದ ಹೊರೆಯನ್ನು ಹಾಗೆ ಗುರುತಿಸಿಟ್ಟಿದ್ದರು. ನಿಮ್ಮ ಅಟ್ಟದಲ್ಲೂ ಅಂಥದ್ದಿದ್ದರೆ ಬಣ್ಣ ಬಳಿಯುವವರು ಬರುವ ಮೊದಲು ಫೋಟೊ ತೆಗೆದಿಡಿ. ಹಳೆಯ ಕೆಲಸಗಾರರು ನೆರೆಕರೆಯಲ್ಲಿ ಇನ್ನೂ ಇದ್ದಾರು. ಗೂಡಿಗೆ ಹಂಚು ಜೋಡಿಸುತ್ತಿದ್ದವರೊಬ್ಬರನ್ನು ಕರೆತಂದು ಜಾಗ ತೋರಿಸಿದರೆ, ಯಾವ ಎಂಜಿನಿಯರೂ ಹೇಳಲಾರದ ಸಂಗತಿಗಳನ್ನು ಅರ್ಧ ಗಂಟೆಯಲ್ಲಿ ಹೇಳುತ್ತಾರೆ.

ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ಗಾಳಿಗಾಗಿಯೇ ಕಟ್ಟಿದ ಕಟ್ಟಡದ ತೆರಪುಗಳಿಗೆ ಗಾಜು ಹಾಕಿ, ಮಾಡಿನ ಕೆಳಗೆ ಜಿಪ್ಸಮ್ ಹಲಗೆ ಹೊಡೆದು, ಎ.ಸಿ. ಕೂರಿಸಿದರೆ ಎರಡು ಮಳೆಗಾಲದೊಳಗೆ ಮರಕ್ಕೆ ಬೂಸಲು ಹಿಡಿಯುತ್ತದೆ, ಮುಚ್ಚಿಹೋದ ತೊಲೆಗಳಲ್ಲಿ ಗೆದ್ದಲು ಏರಿದ್ದು ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಮಗಳ ಆಲೋಚನೆ ಒಳ್ಳೆಯದು, ಆದರೆ ಅಟ್ಟದ ಕೆಳಗಿನ ನೆಲವನ್ನು ತೆರೆದ ಕೆಫೆಯಾಗಿ, ಮಾರುಕಟ್ಟೆಯಾಗಿ, ಕುಂಬಾರಿಕೆಯ ಅಥವಾ ಮರಗೆಲಸದ ಕಾರ್ಯಾಗಾರವಾಗಿ ಬಳಸಲಿ. ತಂಪು ಮಾಡಲೇಬೇಕಾದ ಅಡುಗೆಕೋಣೆ, ಕಚೇರಿಗಳನ್ನು ಒಳಗೆ ಪ್ರತ್ಯೇಕ ಸಣ್ಣ ಕೋಣೆಗಳಾಗಿ, ಹಳೆಯ ಗೋಡೆಗೆ ಅಂಟಿಸದೆ ಕಟ್ಟಲಿ. ಬೆಲೆಬಾಳುವ ಚಿತ್ರಗಳನ್ನು ಮಳೆಗಾಲದಲ್ಲಿ ಅಲ್ಲಿ ತೂಗಿಹಾಕುವ ಆಸೆಯನ್ನು ಮಾತ್ರ ಬಿಡಬೇಕು. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ವ್ಯಾಪಾರಿ ಸಂಕೀರ್ಣ 2012ರಿಂದ ಕೊಚ್ಚಿ-ಮುಝಿರಿಸ್ ಬಿನಾಲೆ ಎಂಬ ಕಲಾ ಉತ್ಸವದ ಮುಖ್ಯ ತಾಣವಾದದ್ದನ್ನು ನಿಮ್ಮ ಮಗಳು ನೋಡಿರಬಹುದು. ಆ ಉತ್ಸವ ಡಿಸೆಂಬರಿನಲ್ಲಿ ಆರಂಭವಾಗಿ ಬೇಸಗೆಗೆ ಮುಗಿಯುತ್ತದೆಂಬುದನ್ನೂ ಗಮನಿಸಲಿ.

ಅಟ್ಟ ತಾಳೀತೇ ಎಂಬ ಪ್ರಶ್ನೆಗೆ ಹೊರಗಿನಿಂದ ಉತ್ತರ ಕೊಡಲಾಗದು. ‘ಸಾವಿರಗಟ್ಟಲೆ ಹಂಚು ಹೊತ್ತ ಅಟ್ಟ, ಜನರನ್ನು ಹೊರಲಾರದೇ’ ಎಂಬ ಮಾತು ಕೇಳಲು ಸರಿ, ಲೆಕ್ಕಕ್ಕೆ ಸರಿಯಲ್ಲ. ಹಂಚು ಇಟ್ಟಲ್ಲಿ ಕೂರುತ್ತದೆ. ಜನ ಒಂದೇ ಕಡೆ ಗುಂಪುಗೂಡುತ್ತಾರೆ, ಕುಣಿಯುತ್ತಾರೆ. ಜನ ನಿಂತು ಸೇರುವ ಸಭಾಸ್ಥಳಕ್ಕೆ ಭಾರತೀಯ ಮಾನಕ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೊ ಭಾರ ಹಿಡಿಯುತ್ತದೆ, ವಾಸದ ಕೋಣೆಗಾದರೆ ಸುಮಾರು 200. ಕಿರಾಲುಬೋಗಿ ಎಂಬ ಗಟ್ಟಿ ಮರದ ತೊಲೆಗಳಾಗಿದ್ದರೆ ಮಧ್ಯಭಾಗ ಕಬ್ಬಿಣದಂತಿದ್ದೀತು, ಆದರೆ ಗೋಡೆಯೊಳಗೆ ಹುದುಗಿದ ತುದಿ ಹಾಳಾಗುವುದೇ ಮೊದಲು. ಪ್ರತಿ ತೊಲೆಯ ತುದಿಯನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಲಿ, ಸ್ಟ್ರಕ್ಚರಲ್ ಎಂಜಿನಿಯರೊಬ್ಬರು ಲೆಕ್ಕ ಹಾಕಲಿ. ಅಲ್ಲಿಯವರೆಗೆ ಮೇಲಿನ ಅಟ್ಟಕ್ಕೆ ಸಾರ್ವಜನಿಕರನ್ನು ಹತ್ತಿಸಬೇಡಿ. ಮರದ ಕಟ್ಟಡವಾದ್ದರಿಂದ ಎರಡೂ ತುದಿಯಲ್ಲಿ ಮೆಟ್ಟಿಲು ಬೇಕೇ ಬೇಕು.

ಗೋಡೆಗೆ ಸಿಮೆಂಟ್ ಗಾರೆ ಬೇಡ. ಕೆಂಪುಕಲ್ಲು ನೀರು ಕುಡಿಯುತ್ತದೆ ಮತ್ತು ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಕುಡಿದ ನೀರು, ಹೊಳೆಬದಿಯ ಉಪ್ಪಿನ ಸಮೇತ, ಒಳಗೇ ಉಳಿದು ಕಲ್ಲನ್ನು ಪುಡಿ ಮಾಡುತ್ತದೆ. ಸುಣ್ಣದ ಗಾರೆ ಸಾಕು.

ಕಾನೂನಿನ ವಿಷಯ ಬೇಸರದ್ದಾದರೂ ಮೊದಲೇ ನೋಡಿಕೊಳ್ಳಿ. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಜಾಗ ಕೈಗಾರಿಕಾ ವಲಯದಲ್ಲಿದ್ದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಂತೆ ಭೂಬಳಕೆಯ ಬದಲಾವಣೆಗೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ (ಮೂಡಾ) ಅರ್ಜಿ ಹಾಕಬೇಕಾಗುತ್ತದೆ. ಉಬ್ಬರವಿಳಿತ ತಲುಪುವ ಹೊಳೆಯ ದಂಡೆಯಾದ್ದರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ. ಇದನ್ನು ನಿಮ್ಮ ತಮ್ಮನವರಿಗೆ ಓದಿ ಹೇಳಿ. ಈ ನಿಯಮಗಳು 1991ರಿಂದ ಇವೆ, ನಿಮ್ಮ ಕಟ್ಟಡಗಳು ಅದಕ್ಕಿಂತ ಹಳೆಯವು. ಇದ್ದುದನ್ನು ಕೆಡವಿದ ಮೇಲೆ ಅದೇ ಜಾಗದಲ್ಲಿ, ಹೊಳೆಗೆ ಅಷ್ಟೇ ಹತ್ತಿರ, ಬೇಕಾದಷ್ಟು ಎತ್ತರಕ್ಕೆ ಕಟ್ಟಲು ಅನುಮತಿ ಸಿಕ್ಕೇ ಸಿಗುತ್ತದೆಂದು ಯಾರಾದರೂ ಹೇಳಿದ್ದರೆ, ಆ ಮಾತನ್ನು ನಕ್ಷೆಯ ಮೇಲೆ ತೋರಿಸಲು ಹೇಳಿ. ಉಳಿಸುವ ವಾದ ಭಾವುಕರದ್ದು, ಕೆಡವುವ ವಾದ ಲೆಕ್ಕಾಚಾರದ್ದು ಎಂದು ಭಾವಿಸುವುದು ರೂಢಿ. ಹೊಳೆಬದಿಯಲ್ಲಿ ಎಷ್ಟೋ ಸಲ ಅದು ತಿರುಗುಮುರುಗು.

ಪ್ರಶ್ನೆ: ನಮ್ಮ ಮನೆಯ ಹತ್ತಿರದ ಹಂಚಿನ ಕಾರ್ಖಾನೆಯ ಜಾಗದಲ್ಲಿ ವಸತಿ ಸಂಕೀರ್ಣ ಬರಲಿದೆಯಂತೆ. ‘ಪರಂಪರೆಯ ನೆನಪಿಗೆ’ ಚಿಮಣಿಯನ್ನು ಉಳಿಸಿಕೊಂಡು ಸುತ್ತ ಉದ್ಯಾನ ಮಾಡುತ್ತಾರಂತೆ. ಅಷ್ಟಾದರೂ ಉಳಿಯುವುದು ಸಂತೋಷವಲ್ಲವೇ?
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಜೆಪ್ಪು

ಉತ್ತರ: ಸಂತೋಷವೇ, ಆದರೆ ಅರ್ಧ ಸಂತೋಷ. ಮುಂಬಯಿಯ ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಮಾಲ್ ಆದಾಗಲೂ ಚಿಮಣಿ ಉಳಿಯಿತು. ಅದರ ಕೆಳಗೆ ಓಡಾಡುವವರಿಗೆ ಅಲ್ಲಿ ಹತ್ತಿ ನೂಲುತ್ತಿದ್ದರೆಂಬುದು ಚಿಮಣಿಯಿಂದ ತಿಳಿಯುತ್ತದೆಯೇ? ಚಿಮಣಿ ಎತ್ತರವಾಗಿರುವುದರಿಂದ ಕಣ್ಣಿಗೆ ಬೀಳುತ್ತದೆ, ನೆಲದಲ್ಲಿ ಕಡಿಮೆ ಜಾಗ ತಿನ್ನುತ್ತದೆ. ಕಟ್ಟುವವರಿಗೆ ಇದಕ್ಕಿಂತ ಅಗ್ಗದ ಪರಂಪರೆ ಸಿಗಲಾರದು. ನನ್ನನ್ನು ಕೇಳಿದರೆ, ಒಂದನ್ನೇ ಉಳಿಸುವುದಾದರೆ ಚಿಮಣಿಗಿಂತ ಮೊದಲು ಗೂಡನ್ನು ಉಳಿಸಿ ಎನ್ನುತ್ತೇನೆ.

ಅಲ್ಲಿರುವುದು ಹಾಫ್‌ಮನ್ ಗೂಡಾಗಿದ್ದರೆ ಒಮ್ಮೆ ಒಳಗೆ ನಡೆದು ನೋಡಿ. ಜರ್ಮನಿಯ ಫ್ರೀಡ್ರಿಶ್ ಹಾಫ್‌ಮನ್ 1858ರಲ್ಲಿ ಹಕ್ಕು ಪಡೆದ ಈ ಗೂಡು ಕಮಾನು ಚಾವಣಿಯ ಉದ್ದನೆಯ ಸುರಂಗ. ಸುತ್ತಿ ಬಂದು ತನ್ನನ್ನೇ ಸೇರುತ್ತದೆ. ಇಲ್ಲಿ ಹಂಚು ಬೆಂಕಿಯ ಬಳಿಗೆ ಹೋಗುವುದಿಲ್ಲ, ಬೆಂಕಿಯೇ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತದೆ. ಮೇಲಿನ ಸಣ್ಣ ತೂತುಗಳಿಂದ ಇಂಧನ ಹಾಕುತ್ತಾರೆ. ಒಳಬರುವ ಗಾಳಿ ಆಗಲೇ ಬೆಂದ ಹಂಚುಗಳ ನಡುವೆ ಹಾದು ಅವನ್ನು ಆರಿಸುತ್ತ ತಾನು ಕಾಯುತ್ತದೆ, ಉರಿಯನ್ನು ದಾಟಿದ ಬಿಸಿಗಾಳಿ ಮುಂದಿನ ಕೋಣೆಗಳ ಹಸಿ ಹಂಚುಗಳನ್ನು ಬೆಚ್ಚಗೆ ಮಾಡಿ, ಕೊನೆಗೆ ನೆಲದಡಿಯ ಹೊಗೆಗೊಳವೆ ಸೇರಿ ಚಿಮಣಿಗೆ ಹೋಗುತ್ತದೆ. ಮಳೆಗಾಲ ಬೇಸಗೆಯೆನ್ನದೆ ಬೆಂಕಿ ಆರದೆ ಸುತ್ತುತ್ತಲೇ ಇರುತ್ತಿತ್ತು. ಚಿಮಣಿ ಈ ಏರ್ಪಾಡಿನ ಕೊನೆಯ ಕೊಂಡಿ ಮಾತ್ರ. ಗಾಳಿಯನ್ನು ಎಳೆಯುವ ಮೂಗು. ಮುಖ ತೆಗೆದು ಮೂಗು ಉಳಿಸಿದರೆ ಏನು ಶೋಭೆ?

ಆದ್ದರಿಂದ ನೀವು ಮತ್ತು ನಿಮ್ಮ ಸಹಪಾಠಿಗಳು ಮನವಿ ಕೊಡುವುದಾದರೆ ‘ಕಾರ್ಖಾನೆ ಉಳಿಸಿ’ ಎಂಬ ದೊಡ್ಡ ಮಾತಿಗಿಂತ, ಗೂಡು, ಅದರಿಂದ ಚಿಮಣಿಯವರೆಗಿನ ಹೊಗೆದಾರಿ, ಮತ್ತು ಗೂಡಿನ ಮೇಲಿನ ಅಟ್ಟದ ಒಂದು ಭಾಗ, ಈ ಮೂರನ್ನು ಒಟ್ಟಿಗೆ ಉಳಿಸಿ ಎಂದು ಅಳತೆಯ ನಕ್ಷೆಯ ಸಮೇತ ಕೇಳಿ. ನಕ್ಷೆ ಮಾಡುವುದು ನಿಮ್ಮ ಓದಿನ ಭಾಗವೇ. ಮಂಗಳೂರಿನಲ್ಲಿ ಪರಂಪರೆಯ ರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯ ಶಾಖೆ ಇದೆ. ಬಲ್ಲಾಳ್‌ಬಾಗಿನ ಕೊಡಿಯಾಲ್‌ಗುತ್ತು ಎಂಬ ಹಳೆಯ ಮನೆಯನ್ನು ಅವರು ಕಲಾಕೇಂದ್ರವಾಗಿ ಬಳಸುತ್ತಿದ್ದಾರೆ. ನಕ್ಷೆ ಸಿದ್ಧವಾದ ಮೇಲೆ ಅಲ್ಲಿಗೂ ಒಂದು ಪ್ರತಿ ಒಯ್ಯಿರಿ. ಚಿಮಣಿಯ ಮೇಲೆ ಗೋಳಿಯೋ ಅಶ್ವತ್ಥವೋ ಹುಟ್ಟಿದ್ದರೆ ಅದನ್ನು ಎಳೆದು ಕೀಳಲು ಯಾರನ್ನೂ ಬಿಡಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಬೇರು ಸಾಯುವಂತೆ ಮದ್ದು ಹಾಕಿ, ಸತ್ತ ಮೇಲೆ ಸಂದನ್ನು ಸುಣ್ಣದ ಗಾರೆಯಿಂದ ತುಂಬಬೇಕು.

ಪ್ರಶ್ನೆ: ಮಲ್ಪೆಯ ಬಳಿ ನಮ್ಮದೊಂದು ಹಳೆಯ ಗೋದಾಮಿದೆ. ಹಂಚು ಸೋರುತ್ತದೆ. ಹಂಚು ಹೊರುವ ರೀಪು (ಮರದ ಪಟ್ಟಿ), ಪಕ್ಕಾಸು (ಇಳಿಜಾರು ತೊಲೆ) ಗಟ್ಟಿಯಾಗಿಯೇ ಇವೆ. ಹಂಚು ತೆಗೆದು ಶೀಟು ಹಾಕಿದರೆ ಭಾರ ಕಡಿಮೆಯಾಗಿ ಕಟ್ಟಡಕ್ಕೆ ಒಳ್ಳೆಯದಲ್ಲವೇ?
— ಓದುಗರು, ಉಡುಪಿ

ಉತ್ತರ: ಭಾರ ಕಡಿಮೆಯಾಗುವುದು ನಿಜ, ಅದೇ ತೊಂದರೆ. ಮಂಗಳೂರು ಹಂಚು ಒಂದೊಂದು ಎರಡೂವರೆ ಕಿಲೊ ಆಸುಪಾಸು ತೂಗುತ್ತದೆ, ಚದರ ಮೀಟರಿಗೆ ಹದಿನೈದರಷ್ಟು ಬೇಕು. ಅಂದರೆ ಸುಮಾರು 38 ಕಿಲೊ. ಲೋಹದ ಶೀಟು ಐದು ಕಿಲೊ ಇದ್ದರೆ ಹೆಚ್ಚು. ಕಡಲಬದಿಯ ಬಿರುಗಾಳಿಗೆ ನಿಮ್ಮ ಮಾಡು ಇಷ್ಟು ಕಾಲ ಎದ್ದು ಹಾರದೆ ನಿಂತದ್ದು ಮೊಳೆಯ ಬಲದಿಂದಲ್ಲ, ಹಂಚಿನ ಭಾರದಿಂದ. ಪರಿಚಯದವರೊಬ್ಬರ ಗೋದಾಮಿಗೆ ಕಂಟ್ರಾಕ್ಟರರೊಬ್ಬರು ಹಳೆಯ ಪಕ್ಕಾಸುಗಳ ಮೇಲೆಯೇ ಶೀಟು ಹೊಡೆದಿದ್ದರು; ಮೊದಲ ಮುಂಗಾರಿನ ಗಾಳಿಗೆ ಶೀಟು ಮಾತ್ರವಲ್ಲ, ಶೀಟು ಹಿಡಿದುಕೊಂಡಿದ್ದ ಪಕ್ಕಾಸುಗಳೂ ಪಕ್ಕದ ತೋಟಕ್ಕೆ ಹೋಗಿ ಬಿದ್ದವು. ಗಾಳಿ ಹೇಳಿ ಕೇಳಿ ಬರುವುದಿಲ್ಲ. ಶೀಟು ಹಾಕಲೇಬೇಕಾದರೆ ಪಕ್ಕಾಸನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು, ಆ ಖರ್ಚಿನಲ್ಲಿ ಹಂಚೇ ಬದಲಿಸಬಹುದು.

ನಿಮ್ಮ ಗೋದಾಮಿನ ಹಂಚು ಯಾವ ಕಾರ್ಖಾನೆಯದೆಂದು ನೋಡಿ, ಅದೇ ಮುದ್ರೆಯವನ್ನು ಹುಡುಕಿ. ಕಾರ್ಖಾನೆಗಳ ಅಚ್ಚುಗಳಲ್ಲಿ ನೂಲಿನಷ್ಟು ವ್ಯತ್ಯಾಸವಿರುವುದರಿಂದ ಬೇರೆ ಬೇರೆಯವು ಸರಿಯಾಗಿ ಕಚ್ಚುವುದಿಲ್ಲ; ಎಷ್ಟೋ ಮಾಡುಗಳು ಸೋರುವುದು ಹಂಚು ಒಡೆದು ಅಲ್ಲ, ಬೆರಕೆಯಿಂದ. ಹಳೆಯ ಮನೆ ಕೆಡವುವಲ್ಲಿ ಹಂಚು ಕೊಳ್ಳುವಾಗ ಪ್ರತಿಯೊಂದನ್ನೂ ಒಂದು ಕೈಯಲ್ಲಿ ತೂಗಾಡಿಸಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ಗಂಟೆಯಂತೆ ಠಣ್ ಎಂದರೆ ತೆಗೆದುಕೊಳ್ಳಿ. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳಿದೆ, ಅಲ್ಲಿಯೇ ಬಿಟ್ಟುಬಿಡಿ. ಮಾಡಿನ ನಡುವೆ ಅಲ್ಲಲ್ಲಿ ಒಂದೆರಡು ಗಾಜಿನ ಹಂಚು ಇರಿಸಿಕೊಂಡರೆ ಹಗಲಿನಲ್ಲಿ ದೀಪ ಬೇಕಾಗದು.